ಅಕ್ಕನಿಗೆ ಲೈವ್ ಮ್ಯಾಚ್ ಹುಡುಕಿದ ಭಾನುವಾರ

ಫೆಬ್ರವರಿ ತಿಂಗಳ ಮೊದಲ ಭಾನುವಾರ. ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ತರೀಕೆರೆಯಲ್ಲಿ ನನ್ನ ಅಕ್ಕನ ಮನೆಯ ನಡುಮನೆ. ಹಾಜರಿದ್ದವರು ಮೂವರು: ಮಂಚದ ಮೇಲೆ ಅಕ್ಕ, ಅವಳ ತಲೆದೆಸೆಯಲ್ಲಿ ದಿಂಬು ಸರಿಮಾಡುತ್ತಿದ್ದ ಅವಳ ಸೊಸೆ, ಟಿವಿಯ ಮುಂದೆ ರಿಮೋಟು ಹಿಡಿದು ನಿಂತ ನಾನು.

ಹೀಗೆ ಶುರುಮಾಡುವುದು ಕೆಲಸದಿಂದ ಬಂದ ಅಭ್ಯಾಸ. ಈ ಸೀಮೆಯ ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತನಾಗಿ ಅಜ್ಜಂಪುರದಲ್ಲಿ ನೆಲೆಸಿದವನು ನಾನು. ತಾರೀಖು, ಗಂಟೆ, ಯಾರಿದ್ದರು ಎಂದು ಬರೆಯದೆ ಏನಾಯಿತು ಎಂದು ಬರೆಯಲು ನನ್ನ ಕೈ ಇವತ್ತಿಗೂ ಒಪ್ಪುವುದಿಲ್ಲ.

ಆ ದಿನ ಒಂಬತ್ತು ಗಂಟೆಗೆ ನಮ್ಮ ಹೆಣ್ಣುಮಕ್ಕಳ ಕ್ರಿಕೆಟ್ ತಂಡ ದೂರದ ದೇಶವೊಂದರಲ್ಲಿ ಫೈನಲ್ ಆಡಲಿತ್ತು. ಅದನ್ನು ನೋಡಬೇಕು ಎಂದು ಅಕ್ಕ ಹಿಂದಿನ ಭಾನುವಾರವೇ ಕೇಳಿದ್ದಳು. ಅವಳು ಏನನ್ನೂ ಕೇಳುವವಳಲ್ಲ. ಹೊಟ್ಟೆಯ ಕ್ಯಾನ್ಸರು ಹಬ್ಬಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ಅವಳು ಇಂಥ ಊಟ ಬೇಕು, ಇಂಥವರನ್ನು ಕರೆಸು ಎಂದು ಒಂದು ಮಾತು ಹೇಳಿರಲಿಲ್ಲ. ಕೇಳಿದ್ದು ಇದೊಂದನ್ನೇ.

"ಭಾನುವಾರದ್ದು ನೋಡ್ಬೇಕು ಕಣೋ. ಲೈವು. ಆಮೇಲೆ ತೋರ್ಸೋದು ಬೇಡ."

"ನಾನ್ ನೋಡ್ಕೋತೀನಿ ಬಿಡು," ಎಂದಿದ್ದೆ.

ಅಕ್ಕನಿಗೆ ಕ್ರಿಕೆಟ್ ಹಿಡಿದದ್ದು ಕಡೂರಿನಲ್ಲಿ, ನಾವು ಬಾಡಿಗೆಗಿದ್ದ ವಠಾರದ ಮನೆಯಲ್ಲಿ. ರೇಡಿಯೋ ಇದ್ದದ್ದು ಮನೆಯ ಮಾಲೀಕರ ಹತ್ತಿರ. ಅವರ ಗೋಡೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದು ಕಿಂಡಿ ಇತ್ತು. ಅಲ್ಲಿಂದ ಬರುತ್ತಿದ್ದ ಕಾಮೆಂಟರಿಯನ್ನು ಅಕ್ಕ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು. ಇಂಗ್ಲಿಷು ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಔಟು, ಫೋರು, ನೋಬಾಲು ಇಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ಜನರ ಗದ್ದಲದ ಏರಿಳಿತದಲ್ಲೇ ಅಂದಾಜು ಮಾಡುತ್ತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿರುವಾಗ ಸ್ಕೋರು ಬರೆಯುವುದು ಹೇಗೆ? ಅದಕ್ಕೆ ಅಳಗುಳಿಮಣೆಯನ್ನು ಪಕ್ಕದಲ್ಲಿಟ್ಟುಕೊಂಡಿದ್ದಳು. ಮೇಲಿನ ಸಾಲಿನ ಮೊದಲ ಗುಳಿಯಲ್ಲಿ ಬಿಡಿ ರನ್ನು, ಎರಡನೆಯದರಲ್ಲಿ ಹತ್ತು, ಮೂರನೆಯದರಲ್ಲಿ ನೂರು. ಕೆಳಗಿನ ಸಾಲಿನ ಮೊದಲನೆಯದರಲ್ಲಿ ವಿಕೆಟ್ಟು. ಎಲ್ಲಕ್ಕೂ ಹುಣಸೆಬೀಜ. ಶಾಲೆಯಿಂದ ಓಡಿಬಂದು ನಾನು ಮೊದಲು ನೋಡುತ್ತಿದ್ದದ್ದು ಆ ಮಣೆಯನ್ನು. ಕ್ರಿಕೆಟ್ಟಿನ ನಿಯಮಗಳನ್ನು ನನಗೆ ಕಲಿಸಿದವಳೂ ಅವಳೇ. ಅವಳು ಮಾತ್ರ ಒಂದು ದಿನವೂ ಬ್ಯಾಟು ಹಿಡಿಯಲಿಲ್ಲ. ಹೈಸ್ಕೂಲಿನಲ್ಲಿ ಎರಡು ವರ್ಷ ಥ್ರೋಬಾಲ್ ಆಡಿದಳು. ಪರೀಕ್ಷೆ ಮುಗಿದ ವರ್ಷವೇ ಮದುವೆಯಾಗಿ ತರೀಕೆರೆಗೆ ಬಂದಳು.

ಟಿವಿ ಬಂದ ಮೇಲೂ ಮಣೆ ಬಿಡಲಿಲ್ಲ. ಸ್ಕೋರು ತೆರೆಯ ಮೇಲೆಯೇ ಬರುತ್ತದಲ್ಲ ಎಂದರೆ, "ಅವರ ಲೆಕ್ಕ ಅವರ್ಗೆ, ನನ್ ಲೆಕ್ಕ ನಂಗೆ," ಎನ್ನುತ್ತಿದ್ದಳು. ಇನ್ನೊಂದು ಕಟ್ಟುನಿಟ್ಟೂ ಇತ್ತು. ನಡೆದುಹೋದ ಪಂದ್ಯವನ್ನು ಅವಳು ನೋಡುವುದಿಲ್ಲ. ಭಾವ ರಾತ್ರಿ ಹೈಲೈಟ್ಸ್ ಹಾಕಿಕೊಂಡು ಕೂತರೆ ಎದ್ದು ಒಳಗೆ ಹೋಗುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಆಗೋಗಿರೋದನ್ನ ಏನ್ ನೋಡ್ತಿ? ತೋರ್ಸೋರ್ಗೆಲ್ಲ ಆಗ್ಲೇ ಗೊತ್ತು. ನಾನೊಬ್ಬಳೇ ಪೆದ್ದಿ ಥರ ಅಯ್ಯೋ ಅಂತ ಕೂತ್ಕೋಬೇಕು. ಲೈವಲ್ಲಾದ್ರೆ ಅವರ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಎಲ್ಲಾ ಒಂದೇ ಕಣೋ."

ಹೆಂಗಸರ ಪಂದ್ಯಗಳನ್ನು ಟಿವಿಯಲ್ಲಿ ತೋರಿಸಲು ಶುರುವಾದಾಗ ಅವಳಿಗೆ ಅರವತ್ತು ದಾಟಿತ್ತು. ಮೊದಲ ಸಲ ನೋಡಿದ ದಿನ ನಾನೂ ಜೊತೆಯಲ್ಲಿದ್ದೆ. ತೆರೆಯ ಕಡೆ ಬೆರಳು ತೋರಿಸಿ, "ಆ ವಿಕೆಟ್ ಹಿಂದೆ ನಿಂತಿದ್ದಾಳಲ್ಲ, ಅಲ್ಲಿ ನಾನು ನಿಂತ್ಕೋತಿದ್ದೆ ಕಣೋ," ಎಂದಳು. ತಮಾಷೆಗೆ ಹೇಳಿದ ಹಾಗಿರಲಿಲ್ಲ.

ಸೋಮವಾರದಿಂದಲೇ ವಿಚಾರಣೆಗೆ ಇಳಿದೆ. ಅಜ್ಜಂಪುರದ ಮನೆಯನ್ನು ಹೆಂಡತಿಗೆ ಒಪ್ಪಿಸಿ ನಾನು ತರೀಕೆರೆಯಲ್ಲೇ ಉಳಿದಿದ್ದೆ. ಅಕ್ಕನ ಮಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು, ಸೊಸೆ ಅಂಗನವಾಡಿಯಲ್ಲಿ ಟೀಚರು. ಹಗಲು ಹೊತ್ತು ಅಕ್ಕನ ಹತ್ತಿರ ಇರುವ ಪಾಳಿ ನನ್ನದು. ಸೊಸೆ ಮನೆಗೆ ಬಂದ ಮೇಲೆ ನಾನು ಹೊರಟು ಪಂದ್ಯ ಎಲ್ಲಿ ಬರುತ್ತದೆ ಎಂದು ಕೇಳಿಕೊಂಡು ಬರುತ್ತಿದ್ದೆ. ಅದು ಇಷ್ಟು ಕಷ್ಟದ ಕೆಲಸ ಎಂದು ನನಗೆ ತಿಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಒಂದು ಆ್ಯಪಿನ ಹೆಸರು ಹೇಳಿದ. ಅದರ ಎದುರಿನ ಹೋಟೆಲಿನವನು, ಆ ಆ್ಯಪು ಹೋದ ವರ್ಷವೇ ಇನ್ನೊಂದರ ಜೊತೆ ಸೇರಿಹೋಯಿತು ಎಂದ. ಕೇಬಲ್ಲಿನವನು ನಮ್ಮದರಲ್ಲಿ ಬರುತ್ತದೆ ಎಂದ. ಆದರೆ ಅಕ್ಕನ ಮನೆಯಲ್ಲಿರುವುದು ಕೇಬಲ್ಲಲ್ಲ, ಮಾಳಿಗೆಯ ಮೇಲಿನ ಡಿಶ್ಶು.

ಶುಕ್ರವಾರ ಕಡೂರಿಗೇ ಹೋದೆ. ಅಲ್ಲಿ ನನ್ನ ಜೊತೆ ಓದಿದವನೊಬ್ಬ ಟಿವಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಿಚ್ಚಿದ ಟಿವಿಯೊಂದರ ಒಳಗೆ ತಲೆಯಿಟ್ಟುಕೊಂಡೇ ನನ್ನ ಪ್ರಶ್ನೆಗೆ ಉತ್ತರ ಕೊಟ್ಟ.

"ಎಲ್ಲಿ ಬರುತ್ತೆ ಅಂತ ಆಡೋರಿಗೇ ಗೊತ್ತಿರಲ್ಲ ಕಣಯ್ಯಾ. ಗಂಡಸರದ್ದು ಒಂದ್ ಕಡೆ, ಹೆಂಗಸರದ್ದು ಒಂದ್ ಕಡೆ, ಇಲ್ಲಾಡಿದ್ರೆ ಒಬ್ಬಂದು, ಆಚೆ ದೇಶ್‌ದಲ್ಲಾಡಿದ್ರೆ ಇನ್ನೊಬ್ಬಂದು. ನಿನ್ ರೈಲೇ ವಾಸಿ. ಲೇಟಾದ್ರೂ ಅದೇ ಪ್ಲಾಟ್‌ಫಾರಂಗೆ ಬರುತ್ತೆ."

"ತಮಾಷೆ ಸಾಕು. ಅಕ್ಕ ಕೇಳಿರೋದು."

ಅವನು ತಲೆ ಹೊರಗೆ ತೆಗೆದ. ಅಕ್ಕನ ಕೈರೊಟ್ಟಿ ತಿಂದು ಬೆಳೆದವನು ಅವನೂ. ಪತ್ರಿಕೆಯ ಕ್ರೀಡಾಪುಟ ತೆಗೆದು ಕೊನೆಯ ಕಾಲಂ ತೋರಿಸಿದ. ಭಾನುವಾರದ ಫೈನಲ್, ಬೆಳಗ್ಗೆ ಒಂಬತ್ತಕ್ಕೆ, ಇಂಥ ಚಾನೆಲ್. ಆ ಚಾನೆಲ್ ಅಕ್ಕನ ಡಿಶ್ಶಿನಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಕಾಲಂ ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಆ ದಿನ ಒಂದು ತಪ್ಪಾಯಿತು. ಅಕ್ಕನಿಗೆ ನೋವಿನ ಮಾತ್ರೆ ಆರು ಗಂಟೆಗೊಂದು: ಏಳಕ್ಕೆ, ಒಂದಕ್ಕೆ, ಮತ್ತೆ ಏಳಕ್ಕೆ, ಮತ್ತೆ ಒಂದಕ್ಕೆ. "ಹೊತ್ತು ತಪ್ಪಿಸ್ಬೇಡಿ, ನೋವು ಬಂದ್ಮೇಲೆ ಕೊಟ್ರೆ ಹಿಡಿತಕ್ಕೆ ಬರಲ್ಲ," ಎಂದು ಡಾಕ್ಟರು ಹೇಳಿದ್ದರು. ಸೊಸೆಗೆ ಆ ದಿನ ಅಂಗನವಾಡಿಯಲ್ಲಿ ಮೀಟಿಂಗು. ಪಕ್ಕದ ಮನೆಯವರನ್ನು ಕೂರಿಸಿ, ಮಾತ್ರೆ ನಾನೇ ಕೊಡುತ್ತೇನೆ, ಒಂದರೊಳಗೆ ಬಂದುಬಿಡುತ್ತೇನೆಂದು ನಾನು ಬೆಳಗ್ಗೆಯೇ ಕಡೂರಿಗೆ ಹೊರಟಿದ್ದೆ. ವಾಪಸು ಬರುವಾಗ ಬೀರೂರಿನ ಹತ್ತಿರ ಬಸ್ಸು ಕೆಟ್ಟಿತು. ಮನೆ ಮುಟ್ಟಿದಾಗ ಒಂದು ಐವತ್ತು. ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣು ತೆರೆದು ನನ್ನನ್ನು ನೋಡಿದಳು. ಮಾತ್ರೆ ಹಿಡಿಯಲು ಒಂದೂವರೆ ಗಂಟೆ ಬೇಕಾಯಿತು. ಇನ್ನು ಒಂದು ನಿಮಿಷವೂ ತಪ್ಪಕೂಡದು ಎಂದು ಅವಳ ಕಾಲ ಹತ್ತಿರ ಕೂತುಕೊಂಡೇ ತೀರ್ಮಾನ ಮಾಡಿದೆ.

ಶನಿವಾರ ಸಂಜೆ ಚಾನೆಲ್ ಹಾಕಿ ಪರೀಕ್ಷೆ ಮಾಡಿದೆ. ಚಿತ್ರ ಬಂತು, ಧ್ವನಿ ಬಂತು. ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೆ.

ಭಾನುವಾರ ಎಂಟು ನಲವತ್ತಕ್ಕೆ ಅದೇ ನಂಬರು ಒತ್ತಿದರೆ ಎಲ್ಲಿಯದೋ ಗಂಡಸರ ಟಿ-ಟ್ವೆಂಟಿ ಪಂದ್ಯ ನಡೆಯುತ್ತಿತ್ತು. ಒಂಬತ್ತಾಯಿತು. ಒಂಬತ್ತು ಐದಾಯಿತು. ಬದಲಾಗಲಿಲ್ಲ. ತೆರೆಯ ಅಡಿಯಲ್ಲಿ ಓಡುತ್ತಿದ್ದ ಸಾಲನ್ನು ಸೊಸೆ ಓದಿದಳು: "ಮಾವ, ಹೆಂಗಸರ ಫೈನಲ್ಲು ಇನ್ನೊಂದು ಚಾನೆಲ್‌ನಲ್ಲಂತೆ. ಆ್ಯಪಲ್ಲೂ ಬರ್ತಿದೆಯಂತೆ."

ನಮ್ಮ ಜಿಲ್ಲೆಗೆ ಬರುವ ಪತ್ರಿಕೆ ಹಿಂದಿನ ಸಂಜೆಯೇ ಅಚ್ಚಾಗುತ್ತದೆ. ನನ್ನ ಜೇಬಿನಲ್ಲಿದ್ದದ್ದಂತೂ ಎರಡು ದಿನ ಹಿಂದಿನದು. ಆಮೇಲೆ ಏನೇನು ಬದಲಾಗಿತ್ತೋ. ಇನ್ನೊಂದು ಚಾನೆಲ್ ಹಾಕಿದೆ. ಕಪ್ಪು ತೆರೆ, ಅದರ ಮೇಲೆ ಬಿಳಿಯ ಅಕ್ಷರ: ಈ ಚಾನೆಲ್ ನಿಮ್ಮ ಪ್ಯಾಕ್‌ನಲ್ಲಿಲ್ಲ, ನೋಂದಾಯಿತ ಮೊಬೈಲ್ ಸಂಖ್ಯೆಯಿಂದ ಕರೆ ಮಾಡಿ.

"ಟಾಸ್ ಯಾರ್ ಗೆದ್ರು?" ಅಕ್ಕ ಕೇಳಿದಳು. ಕೇಳಿದವಳೇ ಕೈಯೆತ್ತಿದಳು. "ಬೇಡ ಬೇಡ, ಹೇಳ್ಬೇಡ. ಬಂದ್ಮೇಲೆ ನಾನೇ ನೋಡ್ತೀನಿ."

ಅಳಗುಳಿಮಣೆ ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಬೀಜದ ಡಬ್ಬಿ ಅವಳ ತೊಡೆಯ ಮೇಲೆ.

ಡಿಶ್ಶಿನವರ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ಹದಿನೆಂಟು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಬಂದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಚಾನೆಲ್ ಈಗಲೇ ಸೇರಿಸಬಹುದು ಸರ್, ನೋಂದಾಯಿತ ಸಂಖ್ಯೆಗೆ ಓಟಿಪಿ ಹೋಗಿದೆ, ದಯವಿಟ್ಟು ತಿಳಿಸಿ ಎಂದಳು. ಯಾವ ಸಂಖ್ಯೆ ಎಂದು ಕೇಳಿದೆ. ಕೊನೆಯ ನಾಲ್ಕು ಅಂಕಿ ಹೇಳಿದಳು.

ಅದು ನನ್ನ ಭಾವನ ನಂಬರು. ಭಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅವರು ಹೋದ ತಿಂಗಳಲ್ಲಿ ಎಲ್ಲ ಕಾಗದಪತ್ರಗಳನ್ನು ಸರಿಮಾಡಿಸಿದವನು ನಾನೇ. ಜಮೀನಿನ ಖಾತೆ, ಬ್ಯಾಂಕು, ರೇಷನ್ ಕಾರ್ಡು, ಗ್ಯಾಸು, ಒಂದೊಂದನ್ನೂ ಹಾಳೆಯಲ್ಲಿ ಬರೆದುಕೊಂಡು, ಮುಗಿದದ್ದರ ಮುಂದೆ ಗೀಟು ಹಾಕುತ್ತ ಹೋಗಿದ್ದೆ. ಮೊಬೈಲ್ ಸಿಮ್ಮು ಒಂಬತ್ತನೆಯದು. ಅಂಗಡಿಗೆ ಹೋಗಿ ರದ್ದು ಮಾಡಿಸಿದೆ. ಇಷ್ಟು ಬೇಗ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡುವುದಿಲ್ಲ ಎಂದು ನೆಂಟರೆಲ್ಲ ಹೊಗಳಿದ್ದರು. ಡಿಶ್ಶು ಭಾವನ ನಂಬರಿನಲ್ಲಿದೆ ಎಂಬುದು ಮಾತ್ರ ಆ ಹಾಳೆಗೆ ಬಂದಿರಲಿಲ್ಲ.

ಲೈನಿನಲ್ಲಿದ್ದ ಹುಡುಗಿಗೆ ಹೇಳಿದೆ. ಹಾಗಾದರೆ ಮರಣಪತ್ರ ಕೊಟ್ಟು ಸಂಖ್ಯೆ ಬದಲಿಸಬೇಕು, ಎರಡು ಕೆಲಸದ ದಿನ ಬೇಕಾಗುತ್ತದೆ ಎಂದಳು. ಫೋನಿಟ್ಟೆ. ಒಂಬತ್ತು ಐವತ್ತು.

ಆಮೇಲೆ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಭಾವನ ನಂಬರು ಬಾಯಿಪಾಠವಿತ್ತು. ಒತ್ತಿದೆ. ರಿಂಗಾಯಿತು. ಯಾರೋ ಎತ್ತಿಕೊಂಡರು. ನನಗೆ ಕಿವಿ ಮಂದವೆಂದು ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಹಿಂದೆ ಪಂಪ್‌ಸೆಟ್ಟು ಓಡುವ ಸದ್ದು, ಅದರ ಮುಂದೆ ಉತ್ತರದ ಕಡೆಯ ಗಂಡಸಿನ ಧ್ವನಿ.

"ಯಾರ್ ಬೇಕ್ರೀ?"

ನಾನು ನನ್ನ ಹೆಸರು, ಊರು, ನಂಬರಿನ ಪೂರ್ವಾಪರ ಎಲ್ಲ ಹೇಳಿ, ನಿಮ್ಮ ಫೋನಿಗೆ ಈಗಷ್ಟೇ ಬಂದಿರುವ ಅಂಕಿಗಳನ್ನು ದಯವಿಟ್ಟು ಓದಿ ಎಂದೆ.

"ಏ ಹೋಗ್ರೀ ಸಾಹೇಬ್ರ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಫೋನ್ಯಾಗ ಹೇಳ್ತಾರ. ನೀವ್ ನೋಡಿದ್ರ ಮುಂಜಾನೆದ್ದು ಅದನ್ನ ಕೇಳಾಕತ್ತೀರಿ. ಹೋದ ವರ್ಷ ನಮ್ಮ ಅಳಿಯಾ ಹಿಂಗ ಹೇಳಿ ರೊಕ್ಕ ಕಳ್ಕೊಂಡಾನ್ರಿ."

"ನಮ್ಮಕ್ಕಂಗೆ ಹುಷಾರಿಲ್ಲಪ್ಪ. ಮ್ಯಾಚ್ ನೋಡ್ಬೇಕು ಅಂತ..."

"ಅವರೂ ಹಂಗ ಅಂದಿದ್ರು. ತಾಯಿಗೆ ಆರಾಮಿಲ್ಲ ಅಂತ," ಎಂದು ಇಟ್ಟುಬಿಟ್ಟ.

ಪಕ್ಕದ ನಿಲ್ದಾಣದವರು ಫೋನಿನಲ್ಲಿ ಕೊಡುವ ಗುಟ್ಟಿನ ನಂಬರು ಕೇಳಿ, ಕೇಳಿದ್ದನ್ನು ತಿರುಗಿ ಹೇಳಿ, ಬರೆದುಕೊಂಡು ರೈಲು ಬಿಡುವುದು ನನ್ನ ಜೀವಮಾನದ ಕೆಲಸವಾಗಿತ್ತು. ಮುಖ ನೋಡದ ಎಷ್ಟೋ ಜನ ನನ್ನ ಮಾತನ್ನೂ ನಾನು ಅವರ ಮಾತನ್ನೂ ನಂಬಿದ್ದೆವು. ನನ್ನನ್ನು ಕಳ್ಳನೆಂದುಕೊಂಡವನು ಇವನೇ ಮೊದಲು. ಅವನದೂ ತಪ್ಪಿರಲಿಲ್ಲ.

ತಿರುಗಿ ನೋಡಿದರೆ ಅಕ್ಕನ ಕಣ್ಣು ನನ್ನ ಮೇಲೇ ಇತ್ತು.

"ಅವರ ನಂಬರಾ?"

"ಹ್ಞೂಂ."

"ಬೇರೆಯೋರಿಗೆ ಕೊಟ್ಬಿಟ್ರಾ?" ಬೀಜದ ಡಬ್ಬಿಯನ್ನು ಪಕ್ಕಕ್ಕಿಟ್ಟಳು. "ಹೋದ ಹೊಸದ್ರಲ್ಲಿ ನಾನು ಆಗಾಗ ಮಾಡ್ತಿದ್ದೆ ಕಣೋ ಆ ನಂಬರಿಗೆ. ಚಾಲ್ತಿಯಲ್ಲಿಲ್ಲ ಅಂತ ಒಬ್ಬಳು ಹೇಳೋಳು. ಅಷ್ಟು ಕೇಳಿ ಇಡ್ತಿದ್ದೆ."

ಆ ಸಿಮ್ಮನ್ನು ಅವಳಿಗೆ ಬೇಕೇ ಎಂದು ಕೇಳದೆ ರದ್ದು ಮಾಡಿಸಿದ್ದೆ ಎಂಬುದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ. ಅವಳೇ ಮುಂದುವರಿಸಿದಳು: "ಹೋಗ್ಲಿ ಬಿಡು. ಯಾರೋ ಹೊಲದಲ್ಲಿ ನೀರ್ ಬಿಡ್ತಿದ್ದಾನೆ. ಒಳ್ಳೇದೇ."

ಬೀದಿಯ ಕೊನೆಯ ಮನೆಯಲ್ಲಿ ಆ ಚಾನೆಲ್ ಬರುತ್ತಿದೆ ಎಂದು ಸೊಸೆ ವಿಚಾರಿಸಿಕೊಂಡು ಬಂದಳು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬನ್ನಿ, ನಾವೂ ಕೈಹಾಕುತ್ತೇವೆ ಎಂದಿದ್ದರಂತೆ. ಅಕ್ಕ ಮಂಚದ ಪಕ್ಕಕ್ಕೆ ತೂಗುತ್ತಿದ್ದ ಮೂತ್ರದ ಚೀಲದ ಕಡೆ ನೋಡಿದಳು. "ಇದನ್ ಹಿಡ್ಕೊಂಡು ಮೆರವಣಿಗೆ ಹೋಗ್ಲಾ? ಬೇಡ ಕಣಮ್ಮ."

ಉಳಿದದ್ದು ಆ್ಯಪು. ಅದು ಅಕ್ಕನ ಮಗನ ಫೋನಿನ ರೀಚಾರ್ಜಿನ ಜೊತೆ ಪುಕ್ಕಟೆ ಬಂದಿತ್ತು. ಅವನು ಫೋನನ್ನು ಟಿಕೆಟ್ಟಿನ ಚೀಲದ ತಳದಲ್ಲಿಟ್ಟುಕೊಂಡು ಬಸ್ಸಿನಲ್ಲಿದ್ದ. ಸೊಸೆ ಹನ್ನೊಂದು ಸಲ ಕರೆ ಮಾಡಿದಳು. ನಾನು ಎಣಿಸುತ್ತಿದ್ದೆ. ಅವನು ವಾಪಸು ಕರೆದದ್ದು ಹನ್ನೊಂದು ಮೂವತ್ತೈದಕ್ಕೆ, ಶಿವಮೊಗ್ಗದ ಬಸ್‌ಸ್ಟ್ಯಾಂಡಿನಿಂದ.

"ಏನಾಯ್ತೇ? ಅಮ್ಮ ಹೆಂಗಿದ್ದಾರೆ?" ಅವನ ಧ್ವನಿ ಹೆದರಿತ್ತು.

"ಏನೂ ಆಗಿಲ್ಲ ರೀ, ಚೆನ್ನಾಗಿದ್ದಾರೆ. ಮ್ಯಾಚ್ ಬರ್ತಿಲ್ಲ ಅಷ್ಟೆ. ಈಗ ಒಂದ್ ಓಟಿಪಿ ಬರುತ್ತೆ, ಹೇಳಿ."

"ಥೂ ನಿನ್ನ! ಹನ್ನೊಂದ್ ಮಿಸ್ ಕಾಲ್ ನೋಡಿ ನನ್ ಕೈಕಾಲೇ ತಣ್ಣಗಾಗೋಯ್ತು ಕಣೇ."

ನಾಲ್ಕು ಅಂಕಿ ಹೇಳಿದ. ಸೊಸೆ ತನ್ನ ಫೋನಿನಲ್ಲಿ ಒತ್ತಿದಳು. ಅಂಗೈಯಗಲದ ತೆರೆಯಲ್ಲಿ ಹಸಿರು ಮೈದಾನ ಮೂಡಿತು. ಹನ್ನೊಂದು ನಲವತ್ತು. ಎರಡು ಗಂಟೆ ನಲವತ್ತು ನಿಮಿಷ ಹೋಗಿತ್ತು. ಎದುರಾಳಿಗಳ ಮೂವತ್ತೇಳನೇ ಓವರು ನಡೆಯುತ್ತಿತ್ತು.

ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಸ್ಟೂಲಿನ ಮೇಲಿಟ್ಟೆವು. ಅಕ್ಕ ಕನ್ನಡಕ ಹಾಕಿಸಿಕೊಂಡು ಸ್ಕೋರು ಓದಿದಳು. ಅಲ್ಲಿಯವರೆಗಿನದನ್ನು ಒಟ್ಟಿಗೆ ಎಣಿಸಿ ಗುಳಿಗಳಿಗೆ ಹಾಕಿದಳು. ನೂರಕ್ಕೆ ಒಂದು, ಹತ್ತಕ್ಕೆ ಆರು, ಬಿಡಿ ನಾಲ್ಕು. ವಿಕೆಟ್ಟಿಗೆ ಐದು. ಆಮೇಲೆ ಚೆಂಡು ಚೆಂಡಿಗೂ ಬೆರಳು ಡಬ್ಬಿಗೆ ಹೋಗಿಬರುತ್ತಿತ್ತು. ಒಂದು ಬೀಜವೂ ತಪ್ಪಿ ಬೀಳಲಿಲ್ಲ.

"ಆ ಹುಡುಗಿನ್ನ ಅಷ್ಟು ದೂರ ಯಾಕ್ ನಿಲ್ಸಿದ್ದಾರೆ? ಒಳಗೆ ಕರ್ಕೊಳ್ರೇ!"

"ನೀನ್ ಕೂಗಿದ್ರೆ ಅವರ್ಗೆ ಕೇಳುತ್ತಾ ಅಕ್ಕ?"

"ನಿನ್ ಫೋನ್ ಕೂಗೂ ಯಾರ್ಗೂ ಕೇಳ್ಲಿಲ್ಲ ಬೆಳಿಗ್ಗೆಯಿಂದ. ಸುಮ್ನಿರು."

ಸೊಸೆ ಜೋರಾಗಿ ನಕ್ಕಳು. ಆ ಮನೆಯಲ್ಲಿ ಮೂರು ವಾರದಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನಡುವೆ ಚಿತ್ರ ನಿಂತು ಬಿಳಿಯ ಉಂಗುರ ತಿರುಗುತ್ತಿತ್ತು. ಆಗೆಲ್ಲ ಅಕ್ಕ ಕೈಯಲ್ಲೊಂದು ಬೀಜ ಹಿಡಿದು ಕಾಯುತ್ತಿದ್ದಳು. ಎದುರಾಳಿಗಳ ಆಟ ಹನ್ನೆರಡೂಕಾಲಿಗೆ ಮುಗಿಯಿತು. ಅಷ್ಟೇನೂ ದೊಡ್ಡ ಮೊತ್ತವಲ್ಲ. ನಮ್ಮವರ ಬ್ಯಾಟಿಂಗು ಹನ್ನೆರಡು ಐವತ್ತಕ್ಕೆ ಎಂದು ತೆರೆಯ ಮೇಲೆ ಬಂತು.

"ಹೊಡೀತಾರೆ ಕಣೋ," ಎಂದಳು. "ನಿಧಾನಕ್ಕೆ ಆಡಿದ್ರೂ ಹೊಡೀತಾರೆ. ಆ ಎಡಗೈ ಹುಡುಗಿ ನಿಂತ್ರೆ ಸಾಕು."

ಸೊಸೆ ಎರಡು ತುತ್ತು ಮೊಸರನ್ನ ತಿನ್ನಿಸಿದಳು. ಅಕ್ಕ ಮಣೆಯನ್ನು ಬರಿದು ಮಾಡಿ, ಗುಳಿಗಳನ್ನು ಸೆರಗಿನಿಂದ ಒರೆಸಿದಳು. ಆಟ ಮತ್ತೆ ಶುರುವಾಯಿತು. ಎಡಗೈಯವಳು ಮೊದಲ ಓವರಿನಲ್ಲೇ ಒಂದು ಫೋರು ಹೊಡೆದಳು. ನಾಲ್ಕು ಬೀಜ. ನನ್ನ ಗಡಿಯಾರದಲ್ಲಿ ಒಂದು ಗಂಟೆಯಾಯಿತು.

ಮಾತ್ರೆ, ನೀರು ತಂದೆ.

ಬೆಳಗಿನ ಏಳರ ಮಾತ್ರೆಗೆ ಅವಳು ಅಷ್ಟಾಗಿ ಮಲಗುವುದಿಲ್ಲ, ಆದರೆ ಊಟದ ಮೇಲಿನ ಒಂದರ ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಗಾಢ ನಿದ್ದೆ ಬರುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಈಗ್ಲೇ ಬೇಡ ಕಣೋ."

"ಟೈಮಾಯ್ತು ಅಕ್ಕ."

"ಇವತ್ತೊಂದಿನ ತಡವಾಗಿ ಕೊಡು. ಮ್ಯಾಚ್ ಮುಗಿದ್ಮೇಲೆ ನಾನೇ ಕೇಳ್ತೀನಿ."

"ಶುಕ್ರವಾರ ಏನಾಯ್ತು ಗೊತ್ತಲ್ಲ? ಐವತ್ತು ನಿಮಿಷಕ್ಕೇ ಹಂಗಾಯ್ತು. ಮ್ಯಾಚ್ ಮುಗಿಯೋಕೆ ಇನ್ನೂ ಮೂರೂವರೆ ಗಂಟೆ ಇದೆ."

"ನೋವು ನಂದು ಕಣೋ. ನಾನ್ ತಡ್ಕೋತೀನಿ."

ಸೊಸೆ ನನ್ನ ಮುಖ ನೋಡಿದಳು. "ಮಾವ, ಒಂದರ್ಧ ಗಂಟೆ..." ಎಂದಳು. ನಾನು ಗಡಿಯಾರ ನೋಡಿದೆ. ಒಂದು ಗಂಟೆ ಎರಡು ನಿಮಿಷ. ಸೆರಗು ಕಚ್ಚಿಕೊಂಡು ಗೋಡೆಗೆ ತಿರುಗಿದ್ದ ಅವಳ ಬೆನ್ನು ಕಣ್ಣ ಮುಂದೆ ಬಂತು. ಅದನ್ನು ಇನ್ನೊಂದು ಸಲ ನೋಡುವ ಧೈರ್ಯ ನನಗಿರಲಿಲ್ಲ. ಡಾಕ್ಟರ ಅಪ್ಪಣೆ, ಶಿಸ್ತು ಎಂದೆಲ್ಲ ಆಗ ನಾನು ಹೇಳಿದ್ದು ನಿಜ. ಇವತ್ತು ಯೋಚಿಸಿದರೆ ಅದು ಬರೀ ನನ್ನ ಹೆದರಿಕೆ. "ಹಠ ಮಾಡ್ಬೇಡ ಅಕ್ಕ, ಬಾಯ್ ತೆಗಿ," ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ ಬಾಯಿ ತೆಗೆದಳು. ನುಂಗಿ, ಕಣ್ಣನ್ನು ಮತ್ತೆ ಫೋನಿಗೆ ತಿರುಗಿಸಿದಳು.

ಏಳನೇ ಓವರಿನ ತನಕ ಬೀಜ ಹಾಕಿದಳು. ಒಂದು ಇಪ್ಪತ್ತಾರಕ್ಕೆ ಅವಳ ಕೈ ಡಬ್ಬಿಯ ಒಳಗೇ ನಿಂತಿತು. ಸೊಸೆ ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಹೊದಿಕೆಯೊಳಗೆ ಇಟ್ಟಳು. ಬೆರಳ ನಡುವೆ ಒಂದು ಬೀಜವಿತ್ತು, ಅದನ್ನು ಬಿಡಿಸಲಿಲ್ಲ. ನಾನು ಧ್ವನಿ ಆರಿಸಿದೆ.

ಉಳಿದ ಆಟವನ್ನು ನಾನೊಬ್ಬನೇ ನೋಡಿದೆ. ಅವಳು ನಡುವೆ ಎದ್ದರೆ ಲೆಕ್ಕ ಕೇಳುತ್ತಾಳೆಂದು ಗುಳಿಗಳಿಗೆ ಬೀಜ ಹಾಕುತ್ತ ಹೋದೆ. ಮೂರು ಗಂಟೆಯ ಹೊತ್ತಿಗೆ ಪಂದ್ಯ ನಮ್ಮ ಕೈತಪ್ಪುವ ಹಾಗಿತ್ತು. ಆಮೇಲೆ, ಅಕ್ಕ ಯಾವತ್ತೂ ಬೈಯುತ್ತಿದ್ದ ಒಬ್ಬ ಬೌಲರ್ ಹುಡುಗಿ ಬ್ಯಾಟು ಹಿಡಿದು ನಿಂತು ಒಂದೊಂದೇ ರನ್ನು ಕದ್ದು, ಕೊನೆಯ ಓವರಿನ ನಾಲ್ಕನೇ ಚೆಂಡಿಗೆ ಗೆಲ್ಲಿಸಿಬಿಟ್ಟಳು. ಬಸ್‌ಸ್ಟ್ಯಾಂಡಿನ ಕಡೆ ಪಟಾಕಿ ಸಿಡಿಯಿತು. ಅಕ್ಕನ ರೆಪ್ಪೆ ಕೂಡ ಅಲುಗಲಿಲ್ಲ.

ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ. ಎದ್ದು ಬೀಜಗಳನ್ನು ಡಬ್ಬಿಗೆ ತುಂಬಿ ಮಣೆಯನ್ನು ಗೂಡಿನಲ್ಲಿಟ್ಟೆ. ಆಟ ಮುಗಿದ ಮೇಲೆ ಸಾಮಾನು ಹರಡಿಕೊಂಡಿರಬಾರದು. ಇಟ್ಟ ಮೇಲೆ ನೆನಪಾಯಿತು: ಮಣೆಯನ್ನು ಹಾಗೇ ಬಿಟ್ಟಿದ್ದರೆ ಅವಳು ಎದ್ದು ಗುಳಿ ನೋಡಿಯೇ ಎಲ್ಲವನ್ನೂ ಓದಿಕೊಳ್ಳುತ್ತಿದ್ದಳು, ನನ್ನ ಬಾಯಿಂದ ಕೇಳಬೇಕಾಗಿರಲಿಲ್ಲ.

ಆರು ಗಂಟೆಗೆ ಕಣ್ಣು ತೆರೆದಳು. ನೀರು ಕೇಳಿದಳು. ಕುಡಿಸಿದೆ. ಸ್ಟೂಲಿನ ಮೇಲೆ ಮಣೆಯಿದ್ದ ಜಾಗವನ್ನು ನೋಡಿದಳು.

"ಎತ್ತಿಟ್ಯಾ?"

"ಹ್ಞೂಂ ಅಕ್ಕ."

"ಸರಿ." ಹೊದಿಕೆ ಎಳೆದುಕೊಂಡು, "ಅವಳು ಊಟ ಮಾಡಿದ್ಲಾ?" ಎಂದು ಸೊಸೆಯ ವಿಷಯ ಕೇಳಿದಳು. ಮಗ ಎಷ್ಟು ಹೊತ್ತಿಗೆ ಬರುತ್ತಾನೆಂದು ಕೇಳಿದಳು. ಪಂದ್ಯದ ಮಾತೆತ್ತಲಿಲ್ಲ. ನಾನು ಕಾದೆ. ಕೇಳಿದರೆ ಹೇಳಲು ನನ್ನ ಹತ್ತಿರ ಓವರು ಓವರಿನದೂ ಇತ್ತು. ಅವಳು ಕೇಳಲಿಲ್ಲ. ಮುಂದೆ ಹನ್ನೊಂದು ದಿನ ಇದ್ದಳು, ಆ ದಿನಗಳಲ್ಲೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ನಡೆದುಹೋದ ಪಂದ್ಯವನ್ನು ಅವಳ ಮುಂದೆ ತೆರೆಯುವ ಹಕ್ಕು ನನಗಿಲ್ಲ ಅನ್ನಿಸಿತು.

ಆರು ಐವತ್ತಕ್ಕೆ ಹೊರಗೆ ಜಗಲಿಗೆ ಬಂದು ಶಿವಮೊಗ್ಗದ ಡಾಕ್ಟರಿಗೆ ಫೋನು ಮಾಡಿದೆ. ಮಾತ್ರೆಯನ್ನು ಎಂದಾದರೂ ತಡಮಾಡಬಹುದೇ ಎಂದು ಕೇಳಿದೆ.

"ಯಾಕೆ ಸರ್, ಏನಾಯ್ತು?"

"ಏನೂ ಇಲ್ಲ. ಅವರಿಗೆ ಎಚ್ಚರವಾಗಿರಬೇಕು ಅನ್ನಿಸಿದರೆ..."

"ಅವರು ಬೇಡ ಅಂದ್ರೆ ಬಿಡಿ ಸರ್. ಇಲ್ಲಾ ಅರ್ಧ ಮಾತ್ರೆ ಕೊಡಿ, ನೋವೂ ತಡೆಯುತ್ತೆ, ಅಷ್ಟು ನಿದ್ದೇನೂ ಬರಲ್ಲ. ಹೊತ್ತಿನ ಮಾತು ನಾನು ಹೇಳಿದ್ದು ನೀವು ಮರೀಬಾರ್ದು ಅಂತ. ಈಗ ಅವರಿಗೆ ಹೇಗೆ ಬೇಕೋ ಹಾಗೆ."

"ಸರಿ ಡಾಕ್ಟ್ರೇ," ಎಂದೆ. ಒಂದು ನಿಮಿಷವೂ ಆಗಿರಲಿಲ್ಲ ಆ ಕರೆ. ಹನ್ನೆರಡೂಕಾಲಿನಿಂದ ಹನ್ನೆರಡು ಐವತ್ತರವರೆಗೆ ಆಟಕ್ಕೆ ಬಿಡುವಿದ್ದಾಗ ನಾನು ಸುಮ್ಮನೆ ಕೂತಿದ್ದೆ, ಫೋನು ನನ್ನ ಜೇಬಿನಲ್ಲೇ ಇತ್ತು.

ಒಳಗೆ ಬಂದಾಗ ಏಳಾಗಿತ್ತು. ಮಾತ್ರೆ ತೆಗೆಯಲಿಲ್ಲ. ಮಂಚದ ಪಕ್ಕ ಕೂತೆ.

"ಟೈಮಾಗ್ಲಿಲ್ವೇನೋ?" ಅಕ್ಕ ಕೇಳಿದಳು.

"ನಿಂಗೆ ಯಾವಾಗ ಬೇಕೋ ಆಗ ಹೇಳು. ಡಾಕ್ಟ್ರು ಹಂಗೇ ಅಂದ್ರು."

ಅವಳು ನನ್ನ ಕಡೆ ನೋಡಿದಳು, ಮಧ್ಯಾಹ್ನ ಒಂದು ಗಂಟೆಗೆ ನೋಡಿದ ಹಾಗೆ ಅಲ್ಲ. "ಕೂತ್ಕೋ ಹಂಗಾದ್ರೆ," ಎಂದಳು. ಮಗ ಡ್ಯೂಟಿ ಮುಗಿಸಿ ಬಂದು ಅವಳ ಕಾಲು ಒತ್ತುತ್ತ ಬಸ್ಸಿನ ಕಥೆ ಹೇಳಿದ. ಹನ್ನೊಂದು ಮಿಸ್ ಕಾಲಿನ ಕಥೆಯನ್ನೂ ಹೇಳಿದ. ಅವಳು ಕೇಳುತ್ತ ಎಚ್ಚರವಾಗಿದ್ದಳು. ಎಂಟು ಗಂಟೆ ಐದು ನಿಮಿಷಕ್ಕೆ ನನ್ನ ಕಡೆ ಕೈಚಾಚಿ, "ಈಗ ಕೊಡು," ಎಂದಳು. ಕೊಟ್ಟೆ. ನೀರು ಕುಡಿಸಿ, ಬಾಯಿ ಒರೆಸಿ, ಲೋಟವನ್ನು ತೊಳೆದು ಕವುಚಿಟ್ಟೆ.